ಬದುವಿನ ಕೆಳಗಿನ ನೀರು

ಭೂವಿಜ್ಞಾನ ಓದಿದವನಿಗೆ ವಿಜಯಪುರದಲ್ಲಿ ಪ್ರಶ್ನೆಗಳ ಬರ ಇಲ್ಲ. ಕ್ಷೌರದಂಗಡಿಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ತಿಕೋಟಾ ಬಸ್ಸಿನಲ್ಲಿ, ಎಲ್ಲೇ ಆಗಲಿ ಪಕ್ಕದವರಿಗೆ ನನ್ನ ಕೆಲಸ ಏನೆಂದು ಗೊತ್ತಾದರೆ ಸಾಕು, ಶುರುವಾಗುತ್ತದೆ. "ಸರ್, ಗೋಳಗುಮ್ಮಟದ ಕಲ್ಲು ಯಾಕ ಕರ್ರಗ ಅದಾವ್ರಿ?" "ಎರಿ ಹೊಲ ಬ್ಯಾಸಗ್ಯಾಗ ಯಾಕ ಅಷ್ಟು ಬಿರಕ ಬಿಡ್ತೈತಿ?" "ನಮ್ಮ ಮಡ್ಡಿಯೊಳಗ ಬಿಳೇ ಹರಳು ಸಿಕ್ಕಾವು, ವಜ್ರ ಇರಬಹುದೇನ್ರಿ?" ಈ ಕೊನೆಯ ಪ್ರಶ್ನೆಯನ್ನು ಮಾತ್ರ ದನಿ ತಗ್ಗಿಸಿ, ಅತ್ತಿತ್ತ ನೋಡಿ ಕೇಳುತ್ತಾರೆ.

ಇವಕ್ಕೆಲ್ಲ ಉತ್ತರ ಹೇಳುವುದು ಖುಷಿಯ ಕೆಲಸ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಕ್ಖನ್ನಿನ ನೆಲ ಉದ್ದುದ್ದ ಸೀಳಿ ಲಾವಾ ಉಕ್ಕಿತು. ಚಿತ್ರಗಳಲ್ಲಿ ಕಾಣುವಂಥ ಬೆಟ್ಟದ ತುದಿಯ ಜ್ವಾಲಾಮುಖಿ ಬೇರೆ. ಇದು ಅಂಬಲಿ ಚೆಲ್ಲಿದಂತೆ ಹರಡಿಕೊಂಡು ಹೋದ ಲಾವಾ. ಒಮ್ಮೆ ಹರಿದು ಆರಿತು. ಅದರ ಮೇಲೆ ಇನ್ನೊಮ್ಮೆ ಹರಿಯಿತು. ಬುಟ್ಟಿಯಲ್ಲಿ ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿಟ್ಟ ಹಾಗೆ ಪದರದ ಮೇಲೆ ಪದರ. ಸವೆದು ಉಳಿದಿರುವುದೇ ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಇದೆ. ನಮ್ಮ ಜಿಲ್ಲೆ ಈ ಬುಟ್ಟಿಯ ದಕ್ಷಿಣದ ಅಂಚು. ತಾಳಿಕೋಟೆಯ ಕಡೆ ಹೋದರೆ ಸುಣ್ಣಕಲ್ಲಿನ ಹಾಸುಬಂಡೆಗಳು ಶುರುವಾಗುತ್ತವೆ. ಎರಡು ಹರಿವುಗಳ ನಡುವೆ ಬಹಳ ಕಾಲ ಕಳೆದ ಕಡೆ ಕೆಳಗಿನ ಕಲ್ಲಿನ ಮೇಲ್ಮೈ ಮಣ್ಣಾಯಿತು, ಆ ಮಣ್ಣನ್ನು ಮುಂದಿನ ಲಾವಾ ಇಟ್ಟಿಗೆಯಂತೆ ಸುಟ್ಟಿತು. ಬಾವಿ ತೋಡುವಾಗ ಕಾಣುವ ಕೆಂಪು ಪಟ್ಟಿ ಅದೇ. ಲಾವಾದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ತೂತುಗಳಾಗಿ ಉಳಿದವು, ಅವುಗಳೊಳಗೆ ನೀರು ತಂದಿಟ್ಟ ಹರಳುಗಳು ಬೆಳೆದವು. ಜಿಯೋಲೈಟ್, ಸ್ಫಟಿಕ, ಕ್ಯಾಲ್ಸೈಟ್. ವಜ್ರ ಅಲ್ಲ. ಕ್ಯಾಲ್ಸೈಟಿನ ಪುಡಿಯ ಮೇಲೆ ಇಂಡಿಯ ನಿಂಬೆಹಣ್ಣು ಹಿಂಡಿ ತೋರಿಸಿದರೆ ಸಣ್ಣಗೆ ನೊರೆ ಏಳುತ್ತದೆ, ಹರಳು ತಂದವನ ಮುಖ ಅಷ್ಟೇ ಸಣ್ಣಗಾಗುತ್ತದೆ.

ಒಮ್ಮೆ ವಯಸ್ಸಾದ ತಾಯಿಯೊಬ್ಬರು ಕೇಳಿದರು: "ತಮ್ಮಾ, ಕಲ್ಲು ಬೆಳೀತಾವೇನು? ವರ್ಷಾ ಆರಿಸಿ ಬದುವಿಗೆ ಒಗದರೂ ಮುಂದಿನ ವರ್ಷ ಮತ್ತ ಅಷ್ಟೇ ಇರ್ತಾವ." ಪಕ್ಕದಲ್ಲಿದ್ದ ಕಾಲೇಜು ಹುಡುಗ ನಕ್ಕ. ನಗುವ ಮಾತಾಗಿರಲಿಲ್ಲ. ಎರೆಮಣ್ಣಿನ ಜೇಡಿ ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬಿರುಕಿನೊಳಗೆ ಪುಡಿಮಣ್ಣು ಉದುರುತ್ತದೆ, ಮರುವರ್ಷ ಮತ್ತೆ ಉಬ್ಬುವಾಗ ಜಾಗ ಸಾಲದೆ ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಆ ಮಗುಚಾಟದಲ್ಲಿ ಕೆಳಗಿನ ಕಲ್ಲು ಮೇಲೆ ಬರುತ್ತವೆ. ಆಕೆ ಕಂಡದ್ದು ನಿಜ, ಕಾರಣ ಮಾತ್ರ ಬೇರೆ. ನಲವತ್ತು ವರ್ಷ ಕಲ್ಲು ಆರಿಸಿದ ಆಕೆಯ ಗಮನ, ನಕ್ಕ ಹುಡುಗನ ಪಠ್ಯಪುಸ್ತಕಕ್ಕಿಂತ ವಿಜ್ಞಾನಕ್ಕೆ ಹತ್ತಿರ ಇತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇಂಥ ಪ್ರಶ್ನೆಗಳಲ್ಲಿ ಒಂದು ನೆಮ್ಮದಿ ಇದೆ. ಉತ್ತರ ಸರಿಯೋ ತಪ್ಪೋ, ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಕಲ್ಲಿನ ಬಗ್ಗೆ ಜನ ಕೇಳುವ ಎಲ್ಲ ಪ್ರಶ್ನೆಗಳೂ ಕಲ್ಲಿನವಾಗಿರುವುದಿಲ್ಲ. ಕೆಲವದರ ಕೆಳಗೆ, ನಮ್ಮ ನೆಲದ ಹಾಗೆಯೇ, ಇನ್ನೊಂದು ಪದರ ಇರುತ್ತದೆ. ಉತ್ತರ ಕೊಡುವವನು ಯಾವ ಪದರಕ್ಕೆ ಉತ್ತರ ಕೊಡಬೇಕು? ಮೇಲಿನದಕ್ಕಷ್ಟೇ ಸರಿಯಾಗಿ ಹೇಳಿ ಸುಮ್ಮನಾದರೆ ಅವನ ಕೆಲಸ ಮುಗಿಯಿತೆ? ಈ ಬರಹದಲ್ಲಿ ನಾನು ಯೋಚಿಸಬೇಕೆಂದಿರುವುದು ಇದನ್ನು.

2021 ಮತ್ತು 2022ರಲ್ಲಿ ನಮ್ಮ ಜಿಲ್ಲೆಯ ಹಲವು ಕಡೆ ನೆಲ ಸಣ್ಣಗೆ ನಡುಗಿತು. 2022ರ ಜುಲೈ 9ರ ಬೆಳಿಗ್ಗೆಯದು ರಿಕ್ಟರ್ ಮಾಪಕದಲ್ಲಿ ನಾಲ್ಕನ್ನು ದಾಟಿತ್ತು, ಪಕ್ಕದ ಮಹಾರಾಷ್ಟ್ರದವರಿಗೂ ಗೊತ್ತಾಯಿತು. ಆ ದಿನಗಳಲ್ಲಿ ನನಗೆ ಬಂದ ಫೋನುಗಳಲ್ಲಿ ಇದ್ದದ್ದು ಒಂದೇ ಪ್ರಶ್ನೆ: "ದೊಡ್ಡದು ಬರ್ತೈತೇನ್ರಿ?" ಇದಕ್ಕೆ ಭೂವಿಜ್ಞಾನದ ಉತ್ತರ ಚಿಕ್ಕದು. ಯಾವ ದಿನ, ಎಲ್ಲಿ, ಎಷ್ಟು ದೊಡ್ಡದು ಎಂದು ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಆದರೆ ಫೋನು ಮಾಡಿದವರು ಕೇಳುತ್ತಿದ್ದದ್ದು ಬೇರೆ. ಇವತ್ತು ರಾತ್ರಿ ಮಕ್ಕಳನ್ನು ಒಳಗೆ ಮಲಗಿಸಬೇಕೋ ಅಂಗಳದಲ್ಲೋ? ಅವರಿಗೆ ಬೇಕಿದ್ದದ್ದು ಒಂದು ಮಾತು: "ಏನೂ ಆಗಂಗಿಲ್ಲ, ಮಲಕೋರಿ." ಆ ಮಾತು ಹೇಳಿದರೆ ಒಂದು ಮನೆಗೆ ನಿದ್ದೆ ಬರುತ್ತದೆ. ಹೆಚ್ಚಿನ ಸಲ ಅದು ನಿಜವೂ ಆಗುತ್ತದೆ, ಯಾಕೆಂದರೆ ಸಣ್ಣ ಕಂಪನಗಳ ಹಿಂದೆ ದೊಡ್ಡದು ಬರುವುದು ಅಪರೂಪ. ಹೇಳಲು ಏನು ಅಡ್ಡಿ?

ಇಟಲಿಯ ಲಾಕ್ವಿಲಾ ಎಂಬ ಊರಿನ ಕಥೆ ಇದಕ್ಕೆ ಅಡ್ಡ ನಿಲ್ಲುತ್ತದೆ. 2009ರ ಆರಂಭದಲ್ಲಿ ಅಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನಗಳಾದವು. ವಿಜ್ಞಾನಿಗಳ ಸಭೆ ಕರೆದರು. ಅಧಿಕಾರಿಯೊಬ್ಬರು ಟಿವಿಯಲ್ಲಿ ಭಯಪಡಬೇಕಿಲ್ಲ ಎಂಬ ಧಾಟಿಯಲ್ಲಿ ಮಾತಾಡಿದರು. ಏಪ್ರಿಲ್ 6ರ ನಸುಕಿನಲ್ಲಿ ದೊಡ್ಡದು ಬಂತು, 309 ಜನ ಸತ್ತರು. 2012ರಲ್ಲಿ ಆರು ವಿಜ್ಞಾನಿಗಳಿಗೂ ಆ ಅಧಿಕಾರಿಗೂ ಆರು ವರ್ಷಗಳ ಜೈಲು ಶಿಕ್ಷೆಯಾಯಿತು. 2014ರಲ್ಲಿ ಮೇಲ್ಮನವಿಯಲ್ಲಿ ವಿಜ್ಞಾನಿಗಳು ಬಿಡುಗಡೆಯಾದರು, ಅಧಿಕಾರಿಯ ಶಿಕ್ಷೆ ಕಡಿಮೆಯಾಯಿತು. ಭೂಕಂಪವನ್ನು ಮುನ್ಸೂಚಿಸಲಿಲ್ಲ ಎಂದು ಜೈಲಿಗೆ ಹಾಕಿದರು ಎಂದು ಜಗತ್ತಿನ ವಿಜ್ಞಾನಿಗಳು ಸಿಟ್ಟಾದರು. ಆದರೆ ಸತ್ತವರ ಮನೆಯವರ ದೂರು ಬೇರೆ ಇತ್ತು. ಆ ಸೀಮೆಯಲ್ಲಿ ಹಿಂದಿನಿಂದ ಬಂದ ಒಂದು ರೂಢಿ: ನೆಲ ನಡುಗಿದ ರಾತ್ರಿ ಮನೆಯಿಂದ ಹೊರಗೆ ಕಳೆಯುವುದು. ಆ ರಾತ್ರಿ ಕೆಲವರು ಟಿವಿಯ ಮಾತು ನಂಬಿ ಒಳಗೇ ಉಳಿದರು. ಅಜ್ಜಿಯ ಬುದ್ಧಿಯನ್ನು ತಜ್ಞನ ಸಮಾಧಾನ ಅಳಿಸಿಹಾಕಿತ್ತು.

ಅದಕ್ಕೇ ನಾನು ಫೋನು ಮಾಡಿದವರಿಗೆ "ನಿಮ್ಮ ಮನಿ ಎಂಥದೈತ್ರಿ?" ಎಂದು ಕೇಳುತ್ತಿದ್ದೆ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ ಎಂದರೆ ಕೆಲವು ದಿನ ಅಂಗಳದಲ್ಲಿ ಮಲಗಿರಿ ಎನ್ನುತ್ತಿದ್ದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಸತ್ತ ಹತ್ತಿರಹತ್ತಿರ ಹತ್ತು ಸಾವಿರ ಜನರಲ್ಲಿ ಬಹುಪಾಲು ಇಂಥವೇ ಗೋಡೆಗಳ ಕೆಳಗೆ ಸತ್ತವರು. ಕಿಲ್ಲಾರಿಯ ಕಲ್ಲೂ ನಮ್ಮದೇ ಕರಿಕಲ್ಲು. ಭೂಕಂಪದ ಬಗ್ಗೆ ಗೊತ್ತಿಲ್ಲದಿದ್ದರೂ ಗೋಡೆಯ ಬಗ್ಗೆ ನನಗೆ ಗೊತ್ತಿತ್ತು. ಅವರಿಗೆ ಬೇಕಿದ್ದದ್ದೂ ಗೋಡೆಯ ಉತ್ತರವೇ.

ಇಷ್ಟಾದರೂ ನಡುಕದ ಪ್ರಶ್ನೆ ಅಪರೂಪದ್ದು. ವರ್ಷಪೂರ್ತಿ ಬರುವ ಪ್ರಶ್ನೆ ಒಂದೇ: "ಸರ್, ನಮ್ಮ ಹೊಲದಾಗ ನೀರು ಅದಾವೇನ್ರಿ? ಎಷ್ಟು ಫೂಟಿಗೆ ಬೀಳ್ತಾವು?"

ಬಸಾಲ್ಟಿನಲ್ಲಿ ನೀರು ಎಲ್ಲಿರುತ್ತದೆ ಎಂಬುದಕ್ಕೆ ಸಾಮಾನ್ಯ ಉತ್ತರ ಇದೆ. ಮೇಲಿನ ಮಣ್ಣಿನ ಕೆಳಗೆ ಕಲ್ಲು ಕೊಳೆತು ಗರಸಾಗಿರುವಲ್ಲಿ, ಅದರ ಕೆಳಗೆ ಬಿರುಕುಬಿಟ್ಟ ಕಲ್ಲಿನಲ್ಲಿ, ಒಂದು ಹರಿವು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ, ತೂತುಗಳು ಒಂದಕ್ಕೊಂದು ಕೂಡಿಕೊಂಡ ಕಡೆ. ಹರಿವಿನ ನಟ್ಟನಡುವಿನ ಗಟ್ಟಿಕಲ್ಲಿನಲ್ಲಿ ಹನಿಯೂ ಇರುವುದಿಲ್ಲ. ಆದರೆ ಯಾರೂ ಸಾಮಾನ್ಯ ಹೊಲದಲ್ಲಿ ಬೋರ್ ಹಾಕಿಸುವುದಿಲ್ಲ. ತನ್ನ ಸರ್ವೆ ನಂಬರಿನಲ್ಲಿ, ಆರೂವರೆ ಇಂಚಿನ ಒಂದು ತೂತು ಹಾಕಿಸುತ್ತಾನೆ. ನನ್ನ ಯಂತ್ರ ನೀರನ್ನು ನೋಡುವುದಿಲ್ಲ. ನೆಲಕ್ಕೆ ನಾಲ್ಕು ಕಡ್ಡಿ ನೆಟ್ಟು ಕರೆಂಟು ಹಾಯಿಸಿ, ನೆಲ ಎಷ್ಟು ತಡೆಯುತ್ತದೆ ಎಂದು ಅಳೆಯುತ್ತದೆ. ಒದ್ದೆ ಕಲ್ಲು ಕಡಿಮೆ ತಡೆಯುತ್ತದೆ. ಜೇಡಿಮಣ್ಣೂ ಕಡಿಮೆ ತಡೆಯುತ್ತದೆ, ಸವುಳು ನೀರೂ, ಆ ಸುಟ್ಟ ಕೆಂಪು ಪಟ್ಟಿಯೂ. ಆದ್ದರಿಂದ ನಾನು ಕೊಡುವುದು ಸಾಧ್ಯತೆ. ಇಂಥ ಲಕ್ಷಣದ ನೂರು ಜಾಗಗಳಲ್ಲಿ ಎಪ್ಪತ್ತರಲ್ಲಿ ನೀರು ಬೀಳಬಹುದು ಎಂದು ಹೇಳುತ್ತೇನೆ ಎಂದಿಟ್ಟುಕೊಳ್ಳಿ. ಕೇಳುವ ರೈತ ನೂರು ಜನ ಅಲ್ಲ. ಒಬ್ಬ. ಅವನಿಗೆ ಎಪ್ಪತ್ತು ಪಾಲು ನೀರು ಬೀಳುವುದಿಲ್ಲ. ಬಿದ್ದರೆ ಬಿತ್ತು, ಇಲ್ಲದಿದ್ದರೆ ಒಣ ಹುಡಿ.

ನನಗಿಂತ ಮೊದಲು ಆ ಹೊಲಕ್ಕೆ ತೆಂಗಿನಕಾಯಿಯವರು ಬಂದಿರುತ್ತಾರೆ. ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ನಡೆಯುತ್ತಾರೆ, ಕಾಯಿ ಎದ್ದು ನಿಂತ ಕಡೆ ಕಲ್ಲಿಡುತ್ತಾರೆ. "ಇನ್ನೂರಾ ಇಪ್ಪತ್ತಕ್ಕ ಎರಡಿಂಚು" ಎಂದು ಖಡಾಖಂಡಿತ ಹೇಳುತ್ತಾರೆ. ಅವರನ್ನು ಗೇಲಿ ಮಾಡಿ ಬರೆಯುವುದು ನಮ್ಮ ಕಡೆಯ ವಿಚಾರವಂತರ ಒಂದು ಚಟ. ನಾನು ಅವರ ವಿದ್ಯೆಯನ್ನು ನಂಬುವುದಿಲ್ಲ, ಆದರೆ ಅವರು ಏನು ಕೊಡುತ್ತಾರೆ ಎಂಬುದನ್ನು ನೋಡಿದ್ದೇನೆ. ಸಾಲ ಮಾಡಿ ನೆಲ ಕೊರೆಸುವವನು ಭಯಂಕರ ಒಂಟಿಯಾಗಿರುತ್ತಾನೆ. ಹೆಂಡತಿ ಬೇಡ ಅಂದಿರುತ್ತಾಳೆ, ಅಣ್ಣತಮ್ಮಂದಿರು ಪಾಲು ಕೊಡಲು ಒಪ್ಪಿರುವುದಿಲ್ಲ. ಕಾಯಿಯವರು ಆ ನಿರ್ಧಾರದ ಒಂದು ತುದಿ ಹಿಡಿಯುತ್ತಾರೆ. ನಾನು "ಎಪ್ಪತ್ತು ಪರ್ಸೆಂಟ್" ಎಂದು ಹೇಳಿ ನಿರ್ಧಾರವನ್ನು ಪೂರ್ತಿ ಅವನ ತಲೆ ಮೇಲೆ ವಾಪಸ್ಸು ಇಟ್ಟು ಬರುತ್ತೇನೆ. ಬೋರ್ ಫೇಲಾದರೆ ಅವರು "ನಿನ್ನ ನಸೀಬು" ಅನ್ನುತ್ತಾರೆ. ನಾನು "ಸಾಧ್ಯತೆ ಅಂತ ಹೇಳಿದ್ದೆ" ಅನ್ನುತ್ತೇನೆ. ಇಬ್ಬರಿಗೂ ಹೊರಬರಲು ಒಂದೊಂದು ಬಾಗಿಲು ಇದೆ. ಸಾಲ ತೀರಿಸುವವನಿಗೆ ಇಲ್ಲ.

ಅನಿಶ್ಚಿತತೆಯನ್ನು ಪ್ರಾಮಾಣಿಕವಾಗಿ ಹೇಳುವುದು ವಿಜ್ಞಾನದ ಮೊದಲ ನೀತಿ ಎಂದು ನಮಗೆ ಕಲಿಸುತ್ತಾರೆ. ಸರಿ. ಆದರೆ ಆ ಪ್ರಾಮಾಣಿಕತೆಯೇ ಕೈ ತೊಳೆದುಕೊಳ್ಳುವ ನೀರೂ ಆಗಬಹುದು ಎಂಬುದನ್ನು ಯಾರೂ ಕಲಿಸುವುದಿಲ್ಲ. ಎರಡಕ್ಕೂ ಬಳಸುವ ವಾಕ್ಯ ಒಂದೇ, ವ್ಯತ್ಯಾಸ ಇರುವುದು ಹೇಳಿದ ಮೇಲೆ ಅಲ್ಲಿ ಎಷ್ಟು ಹೊತ್ತು ಕೂರುತ್ತೇವೆ ಎಂಬುದರಲ್ಲಿ. ಎಷ್ಟು ರೊಕ್ಕ ತಂದೀರಿ, ಯಾರ ಕಡೆಯಿಂದ, ಈ ಹೊಲದಲ್ಲಿ ಮೊದಲು ಎಷ್ಟು ತೂತು ಫೇಲಾಗಿವೆ, ಎಷ್ಟು ಫೂಟಿಗೆ ನಿಲ್ಲಿಸಬೇಕೆಂದು ಮೊದಲೇ ಗಟ್ಟಿ ಮಾಡೀರೇನು? ಕೊನೆಯದು ಬಹಳ ಮುಖ್ಯ. ಗಾಡಿ ಶುರುವಾದ ಮೇಲೆ, ಮುನ್ನೂರು ಫೂಟಿಗೆ ಒಣ ಹುಡಿ ಹಾರುತ್ತಿರುವಾಗ, "ಇನ್ನ ಐವತ್ತು ಹೋಗೂಣ" ಎನ್ನದ ರೈತನನ್ನು ನಾನು ಕಂಡಿಲ್ಲ. ಆಳ ಹೋದಂತೆ ಫೂಟಿನ ದರವೂ ಏರುತ್ತಾ ಹೋಗುತ್ತದೆ.

ತಿಕೋಟಾ ಸೀಮೆಯ ಒಬ್ಬ ದ್ರಾಕ್ಷಿ ಬೆಳೆಗಾರ ನನ್ನನ್ನು ನಾಲ್ಕನೆಯ ಬೋರಿಗೆ ಕರೆದಿದ್ದ. ಮೊದಲಿನ ಮೂರೂ ಒಣಗಿದ್ದವು. ಒಣದ್ರಾಕ್ಷಿಯ ಶೆಡ್ಡು ಖಾಲಿ ನಿಂತಿತ್ತು, ಬಳ್ಳಿಗೆ ಟ್ಯಾಂಕರ್ ನೀರು ಹೊಯ್ಯುತ್ತಿದ್ದ. ಯಂತ್ರದ ಲೆಕ್ಕ ನೋಡಿದೆ, ಬಹಳ ಕ್ಷೀಣ ಇತ್ತು. ಸಂಖ್ಯೆ ಹೇಳಿ ಎದ್ದು ಬರಲಿಲ್ಲ. "ನಿಮ್ಮ ರೊಕ್ಕ ನಂದಾಗಿದ್ದರ ನಾ ಹಾಕಸ್ತಿರಲಿಲ್ರಿ" ಅಂದೆ. ಆತ ಸ್ವಲ್ಪ ಹೊತ್ತು ಪಡದ ಕಡೆ ನೋಡಿ ಹೇಳಿದ: "ದ್ರಾಕ್ಷಿ ನಿಮ್ಮದಾಗಿದ್ದರ, ಸರ್?"

ಆ ಮಾತಿಗೆ ನನ್ನ ಬಳಿ ಪಟ್ಟನೆ ಉತ್ತರ ಇರಲಿಲ್ಲ. ನಾನು ಒಂದು ಬೋರಿನ ಲೆಕ್ಕ ಹಾಕುತ್ತಿದ್ದೆ. ಆತ ಐದು ವರ್ಷ ಸಾಕಿದ ಬಳ್ಳಿಯ ಲೆಕ್ಕ ಹಾಕುತ್ತಿದ್ದ. ಬಳ್ಳಿ ಒಣಗಿದರೆ ಹಿಂದಿನ ಸಾಲವೂ ತೀರುವುದಿಲ್ಲ. ಹತ್ತರಲ್ಲಿ ಎರಡು ಪಾಲು ಅವಕಾಶ ಎಂಬುದು ನನಗೆ ಕಡಿಮೆ, ಬೇರೆ ದಾರಿ ಇಲ್ಲದವನಿಗೆ ಅದೇ ಬಹಳ. ಆತ ಬೋರ್ ಹಾಕಿಸಿದನೇ, ನೀರು ಬಿದ್ದಾವೇ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬಿದ್ದದ್ದಕ್ಕೆ ಆತನನ್ನು ಜಾಣ ಎಂದೋ, ಬೀಳದ್ದಕ್ಕೆ ನನ್ನನ್ನು ಜಾಣ ಎಂದೋ ಅಂದುಬಿಡುತ್ತೇವೆ. ಆ ಮಧ್ಯಾಹ್ನ ಇಬ್ಬರಿಗೂ ಗೊತ್ತಿದ್ದದ್ದು ಅಷ್ಟೇ, ಅದರ ಮೇಲೆಯೇ ಇಬ್ಬರನ್ನೂ ತೂಗಬೇಕು.

ಇಲ್ಲಿಯವರೆಗೆ ಹೇಳಿದ್ದು ಕೇಳುವವನಿಗೂ ಹೇಳುವವನಿಗೂ ನಡುವಿನ ಮಾತು. ಇನ್ನೊಂದು ಪ್ರಶ್ನೆ ಇದೆ. ಅದನ್ನು ನನಗೆ ದುಡ್ಡು ಕೊಟ್ಟು ಕರೆದವರು ಯಾರೂ ಇವತ್ತಿನವರೆಗೆ ಕೇಳಿಲ್ಲ: ಬೀಳುವ ಆ ನೀರು ಯಾರದು?

ಬಬಲೇಶ್ವರದ ಹತ್ತಿರದ ಒಂದು ಹೊಲ. ನಾನು ವಾಯರ್ ಎಳೆದು ಕಡ್ಡಿ ನೆಡುತ್ತಿದ್ದಾಗ ಬದುವಿನ ಆಚೆಯಿಂದ ಒಬ್ಬ ಹಿರಿಯರು ಚಹಾದ ಥರ್ಮಾಸ್ ಹಿಡಿದು ಬಂದರು. ನನ್ನನ್ನು ಕರೆದ ತರುಣ "ಬಾ ಕಾಕಾ" ಎಂದು ಕರೆದು ಕೂರಿಸಿದ. ಕಾಕಾನ ಹೊಲದಲ್ಲಿ ತಂದೆಯ ಕಾಲದ ತೆರೆದ ಬಾವಿ, ನಲವತ್ತು ಫೂಟಿನ ಆಸುಪಾಸು, ಗರಸಿನಲ್ಲಿ ಒಸರುವ ನೀರು. ಚಹಾ ಕುಡಿದಾದ ಮೇಲೆ ಅವರು ನನ್ನ ಕಡೆ ತಿರುಗಿ ಕೇಳಿದರು: "ಸಾಹೇಬ್ರ, ಇವ ಇಲ್ಲಿ ಆಳಕ ಹೊಡದರ ನಮ್ಮ ಬಾವಿಗೇನೂ ಆಗಂಗಿಲ್ಲಲ್ರಿ?"

ಉತ್ತರ ನನಗೆ ಗೊತ್ತಿತ್ತು. ಬಸಾಲ್ಟಿನಲ್ಲಿ ಮೇಲಿನ ನೀರು ಅನೇಕ ಕಡೆ ಒಂದು ಗಟ್ಟಿಕಲ್ಲಿನ ಅಥವಾ ಕೆಂಪು ಜೇಡಿಯ ಪದರದ ಮೇಲೆ, ತಟ್ಟೆಯಲ್ಲಿ ನಿಂತ ಹಾಗೆ ನಿಂತಿರುತ್ತದೆ. ಆಳದ ಬೋರ್ ಆ ತಟ್ಟೆಗೆ ತೂತು ಹಾಕುತ್ತದೆ. ಕೇಸಿಂಗ್ ಪೈಪನ್ನು ಸಡಿಲ ಮಣ್ಣು ದಾಟುವಷ್ಟೇ ಇಳಿಸಿದರೆ ಮೇಲಿನ ನೀರು ಬೋರಿನೊಳಗೆ ಜಾರಿ ಕೆಳಗಿನ ಸಂದಿಗಳಿಗೆ ಹೋಗುತ್ತದೆ, ಸುತ್ತಲಿನ ಬಾವಿಗಳು ಸದ್ದಿಲ್ಲದೆ ಇಳಿಯುತ್ತವೆ. ನೆಲದ ಲಕ್ಷಣ ನೋಡಿದರೆ ಅಲ್ಲಿ ಹಾಗಾಗುವ ಸಂಭವ ಹೆಚ್ಚಿತ್ತು. ಇಬ್ಬರ ಎದುರೇ ಹೇಳಿದೆ.

ತರುಣನ ಮುಖ ಬಿಗಿಯಿತು. ಕಾಕಾ ಹೋದ ಮೇಲೆ ಅವನು ಗೌರವ ಬಿಡದೆ, ಆದರೆ ಸ್ಪಷ್ಟವಾಗಿ ಹೇಳಿದ: "ಸರ್, ನಿಮ್ಮನ್ನ ಕರಸಿದಾವ ನಾನು. ರೊಕ್ಕ ಕೊಡಾವನೂ ನಾನು."

ಅವನ ಮಾತಿನಲ್ಲಿ ನ್ಯಾಯ ಇಲ್ಲದೆ ಇಲ್ಲ. ವಕೀಲ ತನ್ನ ಕಕ್ಷಿದಾರನ ಗುಟ್ಟನ್ನು ಎದುರು ಪಕ್ಷದವನಿಗೆ ಹೇಳುತ್ತಾನೆಯೇ? ವೈದ್ಯ ರೋಗಿಯ ವಿಷಯ ನೆರೆಯವರಿಗೆ ಹೇಳುತ್ತಾನೆಯೇ? ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ. ವೈದ್ಯನು ಒಬ್ಬನಿಗೆ ಕೊಡುವ ಔಷಧಿಯನ್ನು ಪಕ್ಕದ ಮಂಚದವನ ದೇಹದಿಂದ ತೆಗೆಯುವುದಿಲ್ಲ. ನಾನು ಗುರುತು ಮಾಡಿ ಕಲ್ಲಿಡುವ ಜಾಗದಿಂದ ಮೇಲೆ ಬರುವ ನೀರು ಬದುವಿನ ಆಚೆಯಿಂದ ಬರುವಂಥದ್ದಾಗಿದ್ದರೆ, ಕಾಕಾ ನನ್ನ ಕೆಲಸದ ಹೊರಗಿನವರಲ್ಲ. ಅವರ ಒಪ್ಪಿಗೆ ಇಲ್ಲದೆ ಅವರೂ ಅದರೊಳಗೆ ಬಂದಿದ್ದಾರೆ.

ಕಾನೂನು ಬೇರೆ ಮಾತು ಹೇಳುತ್ತದೆ. ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ ಹತ್ತಿ ಗಿರಣಿಯವನೊಬ್ಬನ ಬಾವಿ ನೆರೆಯವರ ಕಲ್ಲಿದ್ದಲು ಗಣಿಯಿಂದಾಗಿ ಬತ್ತಿಹೋಯಿತು. 1843ರಲ್ಲಿ ಕೋರ್ಟು ಗಣಿಯವರ ಪರ ತೀರ್ಪು ಕೊಟ್ಟಿತು. ಹೊಳೆಯ ನೀರು ಕಣ್ಣಿಗೆ ಕಾಣುತ್ತದೆ, ಅದರ ಮೇಲೆ ಮೇಲಿನವನಿಗೂ ಕೆಳಗಿನವನಿಗೂ ಹಕ್ಕಿದೆ. ನೆಲದೊಳಗಿನ ನೀರು ಎಲ್ಲಿಂದ ಬಂತು, ಹೇಗೆ ಹರಿಯಿತು ಎಂದು ಯಾರಿಗೂ ತಿಳಿಯದು, ಆದ್ದರಿಂದ ಅದರ ಮೇಲೆ ನೆರೆಯವನ ಹಕ್ಕನ್ನು ಊಹಿಸಲಾಗದು ಎಂಬುದು ಆ ತರ್ಕದ ಸಾರ. ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯೂ ಇದೇ ಹಾದಿಯದು: ಗೊತ್ತಾದ ಕಾಲುವೆಯಲ್ಲಿ ಹರಿಯದ, ತನ್ನ ನೆಲದಡಿಯ ನೀರನ್ನು ನೆಲದ ಒಡೆಯ ತನ್ನ ಗಡಿಯೊಳಗೆ ತೆಗೆದುಕೊಳ್ಳಬಹುದು. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿ ಬೇಕೆಂದಿತು. ಆದರೂ ಜನರ ಮನಸ್ಸಿನಲ್ಲಿ ಉತಾರದಲ್ಲಿ ಹೆಸರಿದ್ದರೆ ಪಾತಾಳದವರೆಗೂ ತನ್ನದೇ.

ಈ ಹಳೆಯ ತರ್ಕವನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಅಲ್ಲಿ ಹಕ್ಕು ನಿಂತಿರುವುದು ಅಜ್ಞಾನದ ಮೇಲೆ. ಯಾರಿಗೂ ಗೊತ್ತಿಲ್ಲ, ಹಾಗಾಗಿ ಯಾರೂ ಹೊಣೆಯಲ್ಲ. 1843ರಲ್ಲಿ ಅದು ನ್ಯಾಯವಾದ ಮಾತೇ ಇದ್ದೀತು. ಇವತ್ತು ಎಲ್ಲವೂ ಗೊತ್ತಿದೆ ಎಂದಲ್ಲ, ಆದರೆ ತಟ್ಟೆಯ ಹಾಗೆ ನೀರು ನಿಲ್ಲುತ್ತದೆ, ತೂತು ಬಿದ್ದರೆ ಇಳಿಯುತ್ತದೆ ಎಂಬಷ್ಟು ಗೊತ್ತಿದೆ. ಗೊತ್ತಿರುವವನು ಆ ಹೊಲದಲ್ಲಿ ನಿಂತಿರುವಾಗ ಯಾರಿಗೂ ಗೊತ್ತಿಲ್ಲ ಎಂಬ ನೆಪ ಉಳಿಯುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ತರುಣನಿಗೆ ಆ ನೆಪವನ್ನು ನಾನೇ ಉಳಿಸಿಕೊಟ್ಟ ಹಾಗೆ ಆಗುತ್ತಿತ್ತು.

ವಿಜಯಪುರದ ತಾಜ್ ಬಾವಡಿಯ ಮೆಟ್ಟಿಲ ಮೇ­ಲೆ ಕೂತರೆ ಇದರ ಇನ್ನೊಂದು ಮುಖ ಕಾಣುತ್ತದೆ. 1620ರ ಬಾವಿ ಅದು. ಚಾಂದ್ ಬಾವಡಿ ಅದಕ್ಕೂ ಹಳೆಯದು, 1579ರದು. ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನಗರಕ್ಕೆ ನೀರು ತಂದವರೂ ಆದಿಲ್‌ಶಾಹಿಯವರೇ, ದಾರಿಯಲ್ಲಿ ಅಲ್ಲಲ್ಲಿ ಗಾಳಿಬಾವಿಗಳನ್ನು ಬಿಟ್ಟು. ಅವರ ಕಾಲ ಸಮಾನತೆಯ ಕಾಲವಾಗಿತ್ತು ಎಂದು ಹೇಳುತ್ತಿಲ್ಲ. ಯಾರು ಯಾವ ಬಾವಿಗೆ ಇಳಿಯಬಹುದು ಎಂಬ ಕ್ರೂರ ನಿಯಮಗಳು ಈ ದೇಶದ ಯಾವ ಬಾವಿಯನ್ನು ಬಿಟ್ಟಿವೆ? ಆದರೂ ತೆರೆದ ಬಾವಿಗೆ ಒಂದು ಗುಣ ಇದೆ. ಅದರ ನೀರು ಇಳಿದರೆ ಊರಿಗೆ ಕಾಣುತ್ತದೆ. ನಿನ್ನೆ ಮುಳುಗಿದ್ದ ಮೆಟ್ಟಿಲು ಇವತ್ತು ಒಣಗಿದೆ ಎಂದು ಮಗುವೂ ಹೇಳಬಲ್ಲದು. ಬೋರ್ ನೆಲದ ಮೇಲೆ ಒಂದು ಗೇಣು ಪೈಪು ಮಾತ್ರ. ಅದರೊಳಗೆ ಏನಾಗುತ್ತಿದೆ ಎಂದು ಹಾಕಿಸಿದವನಿಗೂ ಗೊತ್ತಿಲ್ಲ, ಮೋಟರ್ ಗಾಳಿ ಎಳೆಯುವ ದಿನದವರೆಗೆ. ಕಾಣದ್ದರ ಬಗ್ಗೆ ಜಗಳವೂ ಆಗುವುದಿಲ್ಲ, ಮಾತುಕತೆಯೂ ಆಗುವುದಿಲ್ಲ. ಏತ ನೀರಾವರಿಯಿಂದ ಕೃಷ್ಣೆಯ ನೀರು ಈಗ ಬಬಲೇಶ್ವರ, ತಿಕೋಟಾದ ಕಡೆ ಏರಿ ಬರುತ್ತಿದೆ, ಕೆರೆ ತುಂಬಿದ ಊರುಗಳಲ್ಲಿ ಸುತ್ತಲಿನ ಬಾವಿಗಳು ಮೇಲೇರಿದ್ದನ್ನು ನೋಡಿದ್ದೇನೆ. ಒಳ್ಳೆಯದೇ. ಆದರೆ ಏರಿದ ನೀರನ್ನು ಯಾರು ಮೊದಲು ಎಳೆಯುತ್ತಾರೆ ಎಂಬ ಪ್ರಶ್ನೆ ಹಾಗೆಯೇ ಇದೆ.

ಇದನ್ನೆಲ್ಲ ಒಮ್ಮೆ ವಿದ್ಯಾರ್ಥಿಗಳ ಜೊತೆ ಮಾತಾಡುವಾಗ ಒಬ್ಬ ಹುಡುಗಿ ಕೇಳಿದಳು: "ಸರ್, ನೀವು ಬ್ಯಾಡ ಅಂದ್ರ ಅವರು ಇನ್ನೊಬ್ಬರನ್ನ ಕರಸ್ತಾರ. ಬೋರ್ ಅಂತೂ ಬೀಳೂದs. ನಿಮ್ಮ ಮಾತಿನಿಂದ ಏನ್ ಫರಕ್ ಬಿತ್ತು?" ಒಳ್ಳೆಯ ಪ್ರಶ್ನೆ. ಫಲ ಮಾತ್ರ ಲೆಕ್ಕ ಎನ್ನುವುದಾದರೆ ಅವಳು ಹೇಳಿದ್ದು ಸರಿ. ಆದರೆ ಇನ್ನೊಬ್ಬ ಬರುತ್ತಾನೆ ಎಂಬ ವಾದಕ್ಕೆ ಕೊನೆ ಇಲ್ಲ, ಆ ಇನ್ನೊಬ್ಬನೂ ನನ್ನ ಹೆಸರು ಹೇಳಿ ಅದನ್ನೇ ಅನ್ನಬಹುದು. ಬೇಡ ಎಂದು ದೂರ ಉಳಿಯುವುದೂ ನನಗೆ ಸರಿ ಕಾಣುವುದಿಲ್ಲ. ನಾನು ಹೋಗದಿದ್ದರೆ ಕಾಕಾನ ಬಾವಿಯ ಮಾತೇ ಎತ್ತದೆ ಕಲ್ಲಿಟ್ಟು ಬರುತ್ತಾರೆ. ಹಾಗಾಗಿ ಹೋಗುತ್ತೇನೆ. ಪಾಯಿಂಟಿನ ಚೀಟಿಯ ಮೇಲೆ ಸುತ್ತಲಿನ ಬಾವಿಗಳು ಎಷ್ಟು ದೂರ, ನೀರು ಎಷ್ಟು ಕೆಳಗೆ ಎಂದೂ ಬರೆದುಕೊಡುತ್ತೇನೆ. ಹೀಗೆ ಬರೆಯುವವನನ್ನು ಎರಡನೇ ಸಲ ಕರೆಯುವವರು ಸ್ವಲ್ಪ ಕಡಿಮೆ. ಅದನ್ನೂ ಆ ಹುಡುಗಿಗೆ ಹೇಳಿದೆ.

ಬಬಲೇಶ್ವರದ ಆ ಹೊಲದಲ್ಲಿ ನಾನು ಸೂಚಿಸಿದ್ದು ಬೋರನ್ನು ದೂರದ ಮೂಲೆಗೆ ಸರಿಸಿ, ಕೇಸಿಂಗನ್ನು ಗರಸು ಮತ್ತು ಬಿರುಕಿನ ಕಲ್ಲು ದಾಟುವವರೆಗೆ ಇಳಿಸಿ, ಸುತ್ತಲಿನ ಸಂದಿಗೆ ಸಿಮೆಂಟು ತುಂಬಬೇಕೆಂದು. ಆಗ ತಟ್ಟೆಯ ನೀರು ಜಾರುವುದು ಬಹುಮಟ್ಟಿಗೆ ತಪ್ಪುತ್ತದೆ. ಖರ್ಚು ಹೆಚ್ಚು. ತರುಣ ಕೇಳಿದ: "ಆ ಕೇಸಿಂಗಿನ ರೊಕ್ಕ ಯಾರು ಕೊಡಬೇಕ್ರಿ? ನನ್ನ ನೀರಿಗೆ ಅದು ಬೇಕಾಗಿಲ್ಲ." ಕಾಕಾ ಹೇಳಿದರು: "ತಗ್ಗು ತಗಿಯಾವ ನೀನು, ತಮ್ಮಾ. ನನ್ನ ಬಾವಿ ಅಲ್ಲೇ ಇತ್ತಲ್ಲ." ಎರಡು ದಿನ ಮಾತು ಬಿಟ್ಟರು. ನನ್ನ ಪ್ರಕಾರ ಪೂರ್ತಿ ಖರ್ಚು ತರುಣನದೇ. ಹೊಸದಾಗಿ ನೆಲ ಕೊರೆಯುವವನು ಮೊದಲೇ ಇದ್ದದ್ದಕ್ಕೆ ಹಾನಿ ಆಗದ ಹಾಗೆ ನೋಡಿಕೊಳ್ಳಬೇಕು. ಕೇಳಿದಾಗ ಹಾಗೆಯೇ ಹೇಳಿದೆ. ಊರ ಹಿರಿಯರು ಕೂತು ಅರ್ಧ ಅರ್ಧ ಎಂದರು. ಹಿರಿಯರಿಗೆ ಅರ್ಧ ಎಂಬುದು ಯಾವಾಗಲೂ ನ್ಯಾಯದ ಹಾಗೆಯೇ ಕಾಣುತ್ತದೆ. ಕಾಕಾ ಒಂದು ಮಾತೂ ಆಡದೆ ಮನೆಗೆ ಹೋಗಿ, ಕಡಲೆ ಮಾರಿದ ದುಡ್ಡಿನಲ್ಲಿ ತಮ್ಮ ಅರ್ಧ ತಂದು ಕೊಟ್ಟರು. ತರುಣ ಎಣಿಸದೆ ಜೇಬಿಗಿಟ್ಟ, ಆಮೇಲೆ ಗಾಡಿ ಬರುವವರೆಗೂ ಬದುವಿನ ಕಡೆ ತಿರುಗಿ ನೋಡಲಿಲ್ಲ.